ಇ.ಎಸ್.ಆರ್. ರಕ್ತಪರೀಕ್ಷೆ

ಇ.ಎಸ್.ಆರ್. ಎಂಬುದು ಎರಿತ್ರೊಸೈಟ್ ಸೆಡಿಮೆಂಟೇಶನ್ ರೇಟ್ ಎಂಬ ಹೆಸರಿನ ಸಂಕ್ಷಿಪ್ತ ರೂಪ. ಕೆಂಪು ರಕ್ತಕಣಗಳು ತಳ ಸೇರುವ ವೇಗ ಎಂದು ಇದರ ಅರ್ಥ. ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ತೆಳುವಾದ ಗಾಜಿನ ಕೊಳವೆಯಲ್ಲಿ ತುಂಬಿ ನೆಟ್ಟಗೆ ನಿಲ್ಲಿಸಿದರೆ ಕೆಂಪುಕಣಗಳು ಮೆಲ್ಲನೆ ಕೆಳಗಿಳಿಯುತ್ತವೆ. ಮೇಲೆ ತಿಳಿಹಳದಿ ಬಣ್ಣದ ಪ್ಲಾಸ್ಮಾ ಉಳಿಯುತ್ತದೆ. ಒಂದು ಗಂಟೆಯಲ್ಲಿ ಹೀಗೆ ತಿಳಿಯಾದ ಭಾಗದ ಎತ್ತರವನ್ನು ಮಿಲಿಮೀಟರುಗಳಲ್ಲಿ ಅಳೆದು ಬರೆದ ಅಂಕೆಯೇ ಇ.ಎಸ್.ಆರ್. ದೇಹದಲ್ಲಿ ಎಲ್ಲಿಯಾದರೂ ಉರಿಯೂತವಿದ್ದಾಗ ಈ ಅಂಕೆ ಸಾಮಾನ್ಯವಾಗಿ ಏರುತ್ತದೆ. ಉರಿಯೂತ ಇದೆ ಎಂಬ ಸುಳಿವನ್ನು ಕೊಡುವುದಷ್ಟೇ ಈ ಪರೀಕ್ಷೆಯ ಕೆಲಸ. ಅದು ಯಾವ ಅಂಗದಲ್ಲಿದೆ, ಯಾವ ಕಾರಣದಿಂದ ಬಂದಿದೆ ಎಂಬುದನ್ನು ಇದು ಹೇಳುವುದಿಲ್ಲ. ಇದೇ ಉದ್ದೇಶಕ್ಕೆ ಬಳಸುವ ಮತ್ತೊಂದು ಪರೀಕ್ಷೆ ಸಿ.ಆರ್.ಪಿ. ಇಂದು ಎರಡನ್ನೂ ಜೊತೆಯಾಗಿ ಮಾಡಿಸುವುದು ವಾಡಿಕೆಯಲ್ಲಿದೆ.

ಕಣಗಳು ಇಳಿಯುವ ಬಗೆ

ಕೆಂಪು ರಕ್ತಕಣಗಳು ಪ್ಲಾಸ್ಮಾಕ್ಕಿಂತ ತುಸು ಭಾರವಾದವು. ಆದ್ದರಿಂದ ಅವು ತಳಕ್ಕಿಳಿಯುವುದು ಸಹಜ. ಆದರೆ ಪ್ರತಿಯೊಂದು ಕಣದ ಹೊರಮೈಯಲ್ಲಿ ಋಣ ವಿದ್ಯುದಂಶವಿರುವುದರಿಂದ ಕಣಗಳು ಪರಸ್ಪರ ದೂಡಿಕೊಳ್ಳುತ್ತವೆ. ಬಿಡಿಬಿಡಿಯಾಗಿರುವ ಸಣ್ಣ ಕಣ ದ್ರವದಲ್ಲಿ ಬಹು ನಿಧಾನವಾಗಿ ಇಳಿಯುತ್ತದೆ. ಉರಿಯೂತವಿದ್ದಾಗ ಯಕೃತ್ತು ಫೈಬ್ರಿನೋಜೆನ್ ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಉರಿಯೂತ ಬಹುಕಾಲ ಮುಂದುವರಿದರೆ ಪ್ರತಿಕಾಯಗಳಾದ ಇಮ್ಯುನೋಗ್ಲಾಬ್ಯುಲಿನ್‌ಗಳೂ ಹೆಚ್ಚುತ್ತವೆ. ಈ ದೊಡ್ಡ ಅಣುಗಳು ಕಣಗಳ ನಡುವಿನ ವಿಕರ್ಷಣೆಯನ್ನು ತಗ್ಗಿಸುತ್ತವೆ. ಆಗ ತಟ್ಟೆಯಾಕಾರದ ಕಣಗಳು ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಅಂಟಿಕೊಂಡು ಗುಂಪಾಗುತ್ತವೆ. ಇಂತಹ ಸಾಲುಗಳಿಗೆ ಫ್ರೆಂಚ್ ಮೂಲದ ರೂಲೋ ಎಂಬ ಹೆಸರಿದೆ. ಗುಂಪು ದೊಡ್ಡದಾದಷ್ಟೂ ಇಳಿಯುವ ವೇಗ ಹೆಚ್ಚುತ್ತದೆ.

ಮಳೆಗಾಲದ ಕೆಂಪು ನೀರನ್ನು ಕೊಡದಲ್ಲಿ ಹಿಡಿದಿಟ್ಟು ಅದರಲ್ಲಿ ಪಟಿಕವನ್ನು ಆಡಿಸುವ ಪದ್ಧತಿ ನಮ್ಮ ಹಳ್ಳಿಗಳಲ್ಲಿತ್ತು. ಬರಿದೆ ಬಿಟ್ಟರೆ ದಿನಗಟ್ಟಲೆ ಕದಡಿಕೊಂಡೇ ಇರುವ ನೀರು, ಪಟಿಕ ಸೋಕಿದ ಬಳಿಕ ಕೆಲವೇ ಗಂಟೆಗಳಲ್ಲಿ ತಿಳಿಯಾಗುತ್ತದೆ. ಜೇಡಿಯ ಕಣಗಳಿಗೂ ಋಣ ವಿದ್ಯುದಂಶವಿದೆ. ಪಟಿಕ ಅದನ್ನು ತಗ್ಗಿಸುವುದರಿಂದ ಕಣಗಳು ಕೂಡಿಕೊಂಡು ತಳ ಸೇರುತ್ತವೆ. ಎರಡೂ ಕಡೆ ನಡೆಯುವ ಸಂಗತಿ ಹೆಚ್ಚು ಕಡಿಮೆ ಒಂದೇ. ವಿಜ್ಞಾನದ ಪಾಠದಲ್ಲಿ ಇ.ಎಸ್.ಆರ್. ಅನ್ನು ವಿವರಿಸಲು ಇದಕ್ಕಿಂತ ಸುಲಭವಾದ ಉದಾಹರಣೆ ಸಿಗಲಾರದು.

ಕೊಳವೆಯಲ್ಲಿ ನಡೆಯುವ ಕ್ರಿಯೆಗೆ ಮೂರು ಹಂತಗಳಿವೆ. ಮೊದಲ ಹತ್ತು ನಿಮಿಷಗಳಲ್ಲಿ ಕಣಗಳು ಗುಂಪುಗೂಡುತ್ತವೆ, ಇಳಿಕೆ ಅಷ್ಟಾಗಿ ಕಾಣುವುದಿಲ್ಲ. ಮುಂದಿನ ಸುಮಾರು ನಲವತ್ತು ನಿಮಿಷ ವೇಗವಾಗಿ ಇಳಿಯುತ್ತವೆ. ಕೊನೆಯ ಹತ್ತು ನಿಮಿಷಗಳಲ್ಲಿ ತಳದಲ್ಲಿ ಒತ್ತೊತ್ತಾಗಿ ಕೂರುತ್ತವೆ.

ಇತಿಹಾಸ

ರೋಗಿಯ ರಕ್ತ ಬೇಗ ಬೇರ್ಪಡುತ್ತದೆ ಎಂಬ ಅರಿವು ಹಳೆಯದು. ರೋಗಿಗಳ ಶರೀರದಿಂದ ರಕ್ತ ತೆಗೆದು ಚಿಕಿತ್ಸೆ ನೀಡುತ್ತಿದ್ದ ಯುರೋಪಿನ ವೈದ್ಯರು, ಬಟ್ಟಲಿನಲ್ಲಿ ಹಿಡಿದ ರಕ್ತದ ಮೇಲೆ ಕೆಲವೊಮ್ಮೆ ಮಾಸಲು ಬಿಳಿ ಬಣ್ಣದ ಪದರ ಮೂಡುವುದನ್ನು ಗಮನಿಸಿದ್ದರು. ಹದಿನೆಂಟನೆಯ ಶತಮಾನದ ಶಸ್ತ್ರವೈದ್ಯ ಜಾನ್ ಹಂಟರ್ ಉರಿಯೂತವಿರುವವರ ರಕ್ತದಲ್ಲಿ ಕೆಂಪುಭಾಗ ಬೇಗ ಕೆಳಗಿಳಿಯುವುದನ್ನು ಬರೆದಿಟ್ಟಿದ್ದಾನೆ.

ಇದನ್ನು ಅಳತೆಯ ಪರೀಕ್ಷೆಯನ್ನಾಗಿ ರೂಪಿಸಿದವರಲ್ಲಿ ಮೊದಲಿಗರು ಪೋಲೆಂಡಿನ ವೈದ್ಯ ಎಡ್ಮಂಡ್ ಬಿಯೆರ್ನಾಟ್ಸ್ಕಿ. ಅವರು 1897ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿ, ಇಳಿಕೆಯ ವೇಗಕ್ಕೂ ಫೈಬ್ರಿನೋಜೆನ್‌ಗೂ ಸಂಬಂಧವಿದೆ ಎಂದು ತೋರಿಸಿದರು. ಅದು ಹೊರಜಗತ್ತಿನ ಗಮನಕ್ಕೆ ಅಷ್ಟಾಗಿ ಬೀಳಲಿಲ್ಲ. ಪೋಲೆಂಡಿನಲ್ಲಿ ಮಾತ್ರ ಈ ಪರೀಕ್ಷೆಯನ್ನು ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ. ಸ್ವೀಡನ್ನಿನ ರಾಬಿನ್ ಫೋರಿಯಸ್ 1918ರಲ್ಲಿ ಗರ್ಭಿಣಿಯರ ರಕ್ತದಲ್ಲಿ ಕಣಗಳು ಬೇಗ ಇಳಿಯುವುದನ್ನು ಕಂಡು, ಗರ್ಭಧಾರಣೆಯನ್ನು ಪತ್ತೆಹಚ್ಚಲು ಇದು ನೆರವಾದೀತೆಂದು ಆಶಿಸಿದರು. ಬೇರೆ ಅನೇಕ ರೋಗಗಳಲ್ಲಿಯೂ ಹೀಗೆಯೇ ಆಗುವುದರಿಂದ ಆ ಆಶೆ ಕೈಗೂಡಲಿಲ್ಲ. ಪ್ರಾಚೀನ ಗ್ರೀಕರ ನಾಲ್ಕು ದೇಹರಸಗಳ ಕಲ್ಪನೆಯೇ ಬಟ್ಟಲಿನಲ್ಲಿ ಪದರಪದರವಾಗಿ ಬೇರ್ಪಡುವ ರಕ್ತವನ್ನು ನೋಡಿ ಹುಟ್ಟಿರಬೇಕು ಎಂಬ ಕುತೂಹಲಕರ ಊಹೆಯನ್ನು ಮುಂದಿಟ್ಟವರೂ ಇವರೇ. ಸ್ವೀಡನ್ನಿನವರೇ ಆದ ಆಲ್ಫ್ ವೆಸ್ಟರ್‌ಗ್ರೆನ್ 1921ರಲ್ಲಿ ಕ್ಷಯರೋಗಿಗಳ ರಕ್ತವನ್ನು ಪರೀಕ್ಷಿಸಿ ಈ ವಿಧಾನಕ್ಕೆ ಖಚಿತ ರೂಪ ಕೊಟ್ಟರು. 1935ರಲ್ಲಿ ಅಮೆರಿಕದ ಮ್ಯಾಕ್ಸ್‌ವೆಲ್ ವಿಂಟ್ರೋಬ್ ಚಿಕ್ಕ ಕೊಳವೆಯ ಮತ್ತೊಂದು ವಿಧಾನವನ್ನು ಬಳಕೆಗೆ ತಂದರು.

ಪರೀಕ್ಷಾ ವಿಧಾನ

ವೆಸ್ಟರ್‌ಗ್ರೆನ್ ವಿಧಾನವನ್ನೇ ಅಂತರರಾಷ್ಟ್ರೀಯವಾಗಿ ಆಧಾರ ವಿಧಾನವೆಂದು ಒಪ್ಪಲಾಗಿದೆ. ನಾಲ್ಕು ಪಾಲು ರಕ್ತಕ್ಕೆ ಒಂದು ಪಾಲು ಸೋಡಿಯಂ ಸಿಟ್ರೇಟ್ ದ್ರಾವಣ ಸೇರಿಸಿ, ಒಳವ್ಯಾಸ ಸುಮಾರು 2.5 ಮಿ.ಮೀ. ಇರುವ ಕೊಳವೆಯಲ್ಲಿ 200 ಮಿ.ಮೀ. ಎತ್ತರದವರೆಗೆ ತುಂಬುತ್ತಾರೆ. ಕೊಳವೆಯನ್ನು ಅಲುಗಾಡದಂತೆ ನೆಟ್ಟಗೆ ಒಂದು ಗಂಟೆ ನಿಲ್ಲಿಸಲಾಗುತ್ತದೆ. ವಿಂಟ್ರೋಬ್ ಕೊಳವೆಯ ಉದ್ದ ಇದರರ್ಧದಷ್ಟೇ ಇರುವುದರಿಂದ ಅಂಕೆ ಬಹಳ ಹೆಚ್ಚಿದಾಗ ಅದು ಸರಿಯಾದ ಅಳತೆ ಕೊಡಲಾರದು. ಎರಡು ವಿಧಾನಗಳ ಅಂಕೆಗಳನ್ನು ನೇರವಾಗಿ ಹೋಲಿಸುವಂತಿಲ್ಲ.

ಪರೀಕ್ಷೆ ನೋಡಲು ಸರಳವಾದರೂ ನಾಜೂಕಿನದು. ಕೊಳವೆ ಕೇವಲ ಮೂರು ಡಿಗ್ರಿ ವಾಲಿದರೂ ಇಳಿಕೆ ಗಮನಾರ್ಹವಾಗಿ ಹೆಚ್ಚುತ್ತದೆ. ಕೋಣೆ ಬಿಸಿಯಾಗಿದ್ದರೆ ಅಂಕೆ ಏರುತ್ತದೆ. ನಡುಬೇಸಿಗೆಯಲ್ಲಿ ತಂಪಿನ ಏರ್ಪಾಡಿಲ್ಲದ ಪ್ರಯೋಗಾಲಯಗಳಲ್ಲಿ ಇದನ್ನು ಮರೆಯಬಾರದು. ರಕ್ತವನ್ನು ತೆಗೆದು ಬಹಳ ಹೊತ್ತು ಹಾಗೆಯೇ ಇಟ್ಟರೆ ಕಣಗಳು ದುಂಡಗಾಗಿ, ಪೇರಿಕೊಳ್ಳುವ ಗುಣವನ್ನು ಕಳೆದುಕೊಳ್ಳುತ್ತವೆ, ಅಂಕೆ ತಗ್ಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಇಟ್ಟ ರಕ್ತವನ್ನು ನಾಲ್ಕು ಗಂಟೆಗಳೊಳಗೆ ಪರೀಕ್ಷಿಸಬೇಕೆಂಬ ನಿಯಮ ಇದರಿಂದ ಬಂದಿದೆ. ಇದಕ್ಕಾಗಿ ರೋಗಿ ಉಪವಾಸವಿರಬೇಕಾಗಿಲ್ಲ.

ಸಾಮಾನ್ಯ ಮಿತಿ

ವರದಿಯಲ್ಲಿ ಅಂಕೆಯ ಪಕ್ಕದಲ್ಲಿ ಸಾಮಾನ್ಯ ಮಿತಿಯನ್ನು ಮುದ್ರಿಸಿರುತ್ತಾರೆ. ವೆಸ್ಟರ್‌ಗ್ರೆನ್ ವಿಧಾನದಲ್ಲಿ ಐವತ್ತು ವರ್ಷದೊಳಗಿನ ಪುರುಷರಿಗೆ ಗಂಟೆಗೆ 15 ಮಿ.ಮೀ. ವರೆಗೆ, ಮಹಿಳೆಯರಿಗೆ 20 ಮಿ.ಮೀ. ವರೆಗೆ, ಐವತ್ತು ದಾಟಿದ ಪುರುಷರಿಗೆ 20, ಮಹಿಳೆಯರಿಗೆ 30 ಎಂಬುದು ರೂಢಿಯ ಲೆಕ್ಕ. ವಯಸ್ಸು ಹೆಚ್ಚಿದಂತೆ ಆರೋಗ್ಯವಂತರಲ್ಲಿಯೂ ಅಂಕೆ ಏರುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ವೈದ್ಯರು ಒಂದು ಸರಳ ಸೂತ್ರವನ್ನು ಬಳಸುತ್ತಾರೆ. ಪುರುಷರ ವಯಸ್ಸನ್ನು ಎರಡರಿಂದ ಭಾಗಿಸಬೇಕು. ಮಹಿಳೆಯರ ವಯಸ್ಸಿಗೆ ಹತ್ತು ಕೂಡಿಸಿ ಎರಡರಿಂದ ಭಾಗಿಸಬೇಕು. ಬರುವ ಅಂಕೆಯೇ ಆ ವಯಸ್ಸಿನ ಮೇಲ್ಮಿತಿ. ಈ ಲೆಕ್ಕದಲ್ಲಿ ಎಪ್ಪತ್ತು ವರ್ಷದ ಅಜ್ಜಿಗೆ 40 ಸಹಜವೇ ಆಗಿದೆ. ವರದಿಯಲ್ಲಿ ಎಲ್ಲ ವಯಸ್ಸಿನವರಿಗೂ ಒಂದೇ ಮಿತಿಯನ್ನು ಮುದ್ರಿಸಿ, ಅದನ್ನು ಮೀರಿದ ಅಂಕೆಯನ್ನು ದಪ್ಪಕ್ಷರದಲ್ಲಿ ತೋರಿಸಿದಾಗ ಮನೆಮಂದಿ ಗಾಬರಿಯಾಗುವುದುಂಟು. ಆ ದಪ್ಪಕ್ಷರಕ್ಕೆ ರೋಗಿಯ ವಯಸ್ಸು ಗೊತ್ತಿರುವುದಿಲ್ಲ.

ರೋಗವಿಲ್ಲದೆ ಏರುವುದು, ರೋಗವಿದ್ದೂ ಏರದಿರುವುದು

ಗರ್ಭಿಣಿಯರಲ್ಲಿ ಇ.ಎಸ್.ಆರ್. ಏರುವುದು ಸ್ವಾಭಾವಿಕ, ಹೆರಿಗೆಯಾದ ಕೆಲವು ವಾರಗಳ ತನಕ ಅದು ಹಾಗೆಯೇ ಇರಬಹುದು. ಬೊಜ್ಜು, ಮಧುಮೇಹ, ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇವುಗಳಲ್ಲಿಯೂ ಉರಿಯೂತದ ಬೇರೆ ಕಾಯಿಲೆಯಿಲ್ಲದೆ ಅಂಕೆ ಹೆಚ್ಚಿರುತ್ತದೆ.

ನಮ್ಮ ದೇಶದ ಮಟ್ಟಿಗೆ ಮುಖ್ಯವಾದುದು ರಕ್ತಹೀನತೆ. ಕೆಂಪುಕಣಗಳ ಸಂಖ್ಯೆ ಕಡಿಮೆಯಿದ್ದರೆ ಇಳಿಯುವ ಕಣಗಳಿಗೆ ಒಂದರಿಂದ ಇನ್ನೊಂದಕ್ಕೆ ಅಡ್ಡಿ ಕಡಿಮೆ, ಆದ್ದರಿಂದ ಅವು ಬೇಗ ತಳ ಸೇರುತ್ತವೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಆದಕಾರಣ ಮಹಿಳೆಯೊಬ್ಬರ ವರದಿಯಲ್ಲಿ ಇ.ಎಸ್.ಆರ್. 35 ಅಥವಾ 40 ಎಂದು ಕಂಡರೆ, ಅದರ ಮೇಲಿನ ಸಾಲಿನಲ್ಲಿರುವ ಹಿಮೋಗ್ಲೋಬಿನ್ ಎಷ್ಟಿದೆ ಎಂದು ಮೊದಲು ನೋಡುವುದು ಸರಿಯಾದ ಕ್ರಮ. ಹಲವು ಬಾರಿ ಆ ಮಹಿಳೆಗೆ ಬೇಕಾಗಿರುವುದು ಕಬ್ಬಿಣಾಂಶದ ಮಾತ್ರೆ ಮತ್ತು ರಕ್ತ ಏಕೆ ಕಡಿಮೆಯಾಯಿತು ಎಂಬ ವಿಚಾರಣೆ.

ಇದಕ್ಕೆ ವಿರುದ್ಧವಾಗಿ ರೋಗವಿದ್ದೂ ಅಂಕೆ ಏರದ ಸಂದರ್ಭಗಳಿವೆ. ಕೆಂಪುಕಣಗಳು ಅತಿಯಾಗಿರುವ ಪಾಲಿಸೈಥೀಮಿಯಾ, ಕಣಗಳ ಆಕಾರವೇ ಬದಲಾಗಿ ಪೇರಿಕೊಳ್ಳಲಾಗದ ಕುಡಗೋಲು ಕಣ ರೋಗ, ಫೈಬ್ರಿನೋಜೆನ್ ಬರಿದಾಗುವ ತೀವ್ರ ರಕ್ತಸ್ರಾವದ ಸ್ಥಿತಿಗಳು, ಹೃದಯ ವೈಫಲ್ಯ ಇವು ಅಂಥವು. ಕ್ಯಾನ್ಸರ್ ಇರುವ ಎಷ್ಟೋ ಜನರಲ್ಲಿ ಇ.ಎಸ್.ಆರ್. ಮಿತಿಯೊಳಗೇ ಇರುತ್ತದೆ. ಹೀಗಾಗಿ ಆರೋಗ್ಯವಂತರನ್ನು ಸಾರಾಸಗಟಾಗಿ ಪರೀಕ್ಷಿಸಿ ರೋಗ ಹುಡುಕಲು ಇದು ತಕ್ಕ ಸಾಧನವಲ್ಲ. ತಪಾಸಣಾ ಪ್ಯಾಕೇಜುಗಳಲ್ಲಿ ಇದನ್ನು ಸೇರಿಸುವುದರಿಂದ ಆಗುವ ಪ್ರಯೋಜನ ಅಲ್ಪ, ಚಿಂತೆ ಅಧಿಕ.

ಏರಿದ ಅಂಕೆಯ ಅರ್ಥ

ಯಾವ ತೊಂದರೆಯೂ ಇಲ್ಲದವರಲ್ಲಿ ಅಂಕೆ ತುಸು ಏರಿದ್ದರೆ ವೈದ್ಯರು ರೋಗಿಯನ್ನು ವಿಚಾರಿಸಿ, ಪರೀಕ್ಷಿಸಿ, ಕೆಲವು ವಾರಗಳೋ ತಿಂಗಳೋ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಬಹುಪಾಲು ಜನರಲ್ಲಿ ಅದು ತಾನಾಗಿಯೇ ಇಳಿದಿರುತ್ತದೆ. ನೆಗಡಿ, ಹಲ್ಲಿನ ಬಾವು, ವಾಸಿಯಾಗುತ್ತಿರುವ ಗಾಯ ಇಷ್ಟೇ ಕಾರಣವಾಗಿರಬಹುದು. ನೂರನ್ನು ದಾಟಿದ ಅಂಕೆಯನ್ನು ಮಾತ್ರ ಹಾಗೆ ಬಿಡುವುದಿಲ್ಲ. ಅಷ್ಟು ಏರಿದಾಗ ಸಾಮಾನ್ಯವಾಗಿ ಒಂದು ಗಟ್ಟಿಯಾದ ಕಾರಣವಿರುತ್ತದೆ: ಕ್ಷಯ, ಮೂಳೆಯ ಅಥವಾ ಹೃದಯದ ಒಳಪೊರೆಯ ಸೋಂಕು, ರಕ್ತನಾಳಗಳ ಉರಿಯೂತ, ಮೂತ್ರಪಿಂಡದ ಕಾಯಿಲೆ, ಕ್ಯಾನ್ಸರ್. ಕ್ಯಾನ್ಸರ್‌ಗಳಲ್ಲಿಯೂ ಮಲ್ಟಿಪಲ್ ಮೈಲೋಮಾ ಎಂಬ ಅಸ್ಥಿಮಜ್ಜೆಯ ಕಾಯಿಲೆ ವಿಶೇಷ. ಅದರಲ್ಲಿ ಒಂದೇ ಬಗೆಯ ಇಮ್ಯುನೋಗ್ಲಾಬ್ಯುಲಿನ್ ರಕ್ತದಲ್ಲಿ ತುಂಬಿಕೊಂಡು ಕಣಗಳು ಗಾಢವಾಗಿ ಅಂಟಿಕೊಳ್ಳುತ್ತವೆ. ವಯಸ್ಸಾದವರಲ್ಲಿ ಬಿಡದ ಬೆನ್ನುನೋವು, ರಕ್ತಹೀನತೆ ಮತ್ತು ನೂರು ದಾಟಿದ ಇ.ಎಸ್.ಆರ್. ಒಟ್ಟಿಗೆ ಕಂಡರೆ ವೈದ್ಯರ ಗಮನ ಅತ್ತ ಹರಿಯುತ್ತದೆ.

ಕ್ಷಯರೋಗ: ವೆಸ್ಟರ್‌ಗ್ರೆನ್ ಕಾಲದಿಂದಲೂ ಇ.ಎಸ್.ಆರ್. ಮತ್ತು ಕ್ಷಯ ಜನರ ಮನಸ್ಸಿನಲ್ಲಿ ಜೋಡಿಯಾಗಿ ಉಳಿದಿವೆ. ಕ್ಷಯರೋಗಿಗಳಲ್ಲಿ ಅಂಕೆ ಏರುವುದು ನಿಜ. ಅಂಕೆ ಏರಿದವರೆಲ್ಲ ಕ್ಷಯರೋಗಿಗಳಲ್ಲ. ಅಂಕೆ ಸಹಜವಾಗಿರುವ ಕ್ಷಯರೋಗಿಗಳೂ ಇದ್ದಾರೆ. ಶ್ವಾಸಕೋಶದ ಕ್ಷಯವನ್ನು ಖಚಿತಪಡಿಸುವುದು ಕಫದಲ್ಲಿ ರೋಗಾಣುವನ್ನು ಅಥವಾ ಅದರ ವಂಶವಾಹಿಯನ್ನು ಗುರುತಿಸುವ ಪರೀಕ್ಷೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧಿ ಎರಡೂ ಉಚಿತ. ಇ.ಎಸ್.ಆರ್. ಒಂದನ್ನೇ ನಂಬಿ ಆರು ತಿಂಗಳ ಕ್ಷಯಚಿಕಿತ್ಸೆ ಆರಂಭಿಸುವುದು ಸರಿಯಲ್ಲ. ಆ ಔಷಧಿಗಳಲ್ಲಿ ಕೆಲವು ಯಕೃತ್ತಿಗೆ ಹಾನಿ ಮಾಡಬಲ್ಲವು.

ರುಮ್ಯಾಟಿಕ್ ಜ್ವರ: ಶಾಲಾವಯಸ್ಸಿನ ಮಕ್ಕಳಲ್ಲಿ ಗಂಟಲುನೋವು ವಾಸಿಯಾದ ಎರಡು ಮೂರು ವಾರಗಳ ಅನಂತರ ಜ್ವರ, ಒಂದು ಕೀಲಿನಿಂದ ಇನ್ನೊಂದಕ್ಕೆ ಜಿಗಿಯುವ ನೋವು, ಬಾವು ಕಾಣಿಸಿಕೊಂಡರೆ ಈ ಕಾಯಿಲೆಯನ್ನು ಶಂಕಿಸಬೇಕು. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದ ವಿರುದ್ಧ ಎದ್ದ ಪ್ರತಿರೋಧ ಕೀಲುಗಳನ್ನೂ ಹೃದಯದ ಕವಾಟಗಳನ್ನೂ ಘಾಸಿಗೊಳಿಸುವುದು ಇದರ ಮೂಲ. ಕೀಲುನೋವು ವಾಸಿಯಾಗಿ ಹೋಗುತ್ತದೆ, ಕವಾಟದ ಹಾನಿ ಜೀವನವಿಡೀ ಉಳಿಯಬಹುದು. ಇದನ್ನು ನಿರ್ಣಯಿಸಲು 1944ರಲ್ಲಿ ಡಕೆಟ್ ಜೋನ್ಸ್ ರೂಪಿಸಿದ ಮಾನದಂಡಗಳನ್ನು ಕಾಲಕಾಲಕ್ಕೆ ಪರಿಷ್ಕರಿಸಿ ಬಳಸಲಾಗುತ್ತಿದೆ. ಏರಿದ ಇ.ಎಸ್.ಆರ್. ಅಥವಾ ಸಿ.ಆರ್.ಪಿ. ಅವುಗಳಲ್ಲಿ ಒಂದು. 2015ರ ಪರಿಷ್ಕರಣೆಯಲ್ಲಿ, ಈ ರೋಗ ಹೆಚ್ಚಾಗಿರುವ ಜನಸಮುದಾಯಗಳಿಗೆ ಇ.ಎಸ್.ಆರ್. ಮಿತಿಯನ್ನು 30 ಎಂದೂ, ವಿರಳವಾಗಿರುವ ಕಡೆ 60 ಎಂದೂ ಬೇರೆ ಬೇರೆಯಾಗಿ ಇಡಲಾಯಿತು. ರೋಗ ಖಚಿತವಾದ ಮಕ್ಕಳಿಗೆ ಮೂರು ಅಥವಾ ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ಹಲವು ವರ್ಷ ತಪ್ಪದೆ ಕೊಡಿಸಬೇಕಾಗುತ್ತದೆ. ಇ.ಎಸ್.ಆರ್. ಇಳಿಯಿತೆಂದು ಇದನ್ನು ನಿಲ್ಲಿಸುವಂತಿಲ್ಲ, ಏಕೆಂದರೆ ಮತ್ತೊಮ್ಮೆ ಬರುವ ಗಂಟಲಿನ ಸೋಂಕಿನಿಂದ ಕವಾಟವನ್ನು ಕಾಯುವುದು ಆ ಚುಚ್ಚುಮದ್ದಿನ ಉದ್ದೇಶ.

ಜೈಂಟ್ ಸೆಲ್ ಆರ್ಟರೈಟಿಸ್: ಐವತ್ತು ದಾಟಿದವರಲ್ಲಿ ಬರುವ ಈ ಕಾಯಿಲೆ ಭಾರತದಲ್ಲಿ ವಿರಳ. ಆದರೆ ಗುರುತಿಸದೆ ಹೋದರೆ ಕಣ್ಣು ಹೋಗುತ್ತದೆ. ತಲೆಯ ದೊಡ್ಡ ಅಪಧಮನಿಗಳಲ್ಲಿ ಉರಿಯೂತವುಂಟಾಗಿ ಕಣ್ಣಿನ ನರಕ್ಕೆ ರಕ್ತ ನಿಲ್ಲುವುದು ಇದಕ್ಕೆ ಕಾರಣ. ಹೊಸದಾಗಿ ಶುರುವಾದ ತಲೆನೋವು, ಕಪೋಲದ ಮೇಲ್ಭಾಗದಲ್ಲಿ ಮುಟ್ಟಿದರೆ ನೋವು, ತಲೆ ಬಾಚುವಾಗ ನೆತ್ತಿ ನೋಯುವುದು, ಅಗಿಯುವಾಗ ದವಡೆ ಸೋಲುವುದು, ಕ್ಷಣಕಾಲ ಕಣ್ಣು ಮಂಜಾಗುವುದು ಇದರ ಲಕ್ಷಣಗಳು. ಇ.ಎಸ್.ಆರ್. ಹೆಚ್ಚಾಗಿ 50ಕ್ಕೂ ಮೇಲಿರುತ್ತದೆ. ಇಂತಹ ಲಕ್ಷಣಗಳಿರುವ ವೃದ್ಧರು ಅದೇ ದಿನ ವೈದ್ಯರನ್ನು ಕಾಣಬೇಕು. ಬಲವಾದ ಶಂಕೆಯಿದ್ದರೆ ವೈದ್ಯರು ಮುಂದಿನ ಪರೀಕ್ಷೆಗಳಿಗೆ ಕಾಯದೆ ಸ್ಟೀರಾಯ್ಡ್ ಔಷಧಿಯನ್ನು ಆರಂಭಿಸುತ್ತಾರೆ. ಒಮ್ಮೆ ಹೋದ ದೃಷ್ಟಿ ಮರಳುವುದು ಬಹಳ ಅಪರೂಪ. ಇದೇ ವಯಸ್ಸಿನಲ್ಲಿ ಬರುವ ಪಾಲಿಮಯಾಲ್ಜಿಯಾ ರುಮ್ಯಾಟಿಕಾ ಇದರ ಹತ್ತಿರದ ಕಾಯಿಲೆ. ಬೆಳಗ್ಗೆ ಎದ್ದಾಗ ಭುಜ ಮತ್ತು ಸೊಂಟ ಬಿಗಿದುಕೊಂಡು ಕೈ ಮೇಲೆತ್ತಲಾಗದಂತಾಗುತ್ತದೆ. ಮುಪ್ಪಿನ ಸಹಜ ನೋವೆಂದು ಮನೆಯವರು ಇದನ್ನು ತಳ್ಳಿಹಾಕುವುದುಂಟು.

ರುಮಟಾಯ್ಡ್ ಸಂಧಿವಾತದಲ್ಲಿ ರೋಗ ಎಷ್ಟು ಚುರುಕಾಗಿದೆ, ಔಷಧಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಇ.ಎಸ್.ಆರ್. ಅನ್ನು ಮತ್ತೆ ಮತ್ತೆ ನೋಡುತ್ತಾರೆ. ಮಂಡಿ ಸವೆದು ಬರುವ ಸಂಧಿನೋವಿನಲ್ಲಿ ಇದು ಸಾಮಾನ್ಯವಾಗಿ ಏರುವುದಿಲ್ಲ.

ಸಿ.ಆರ್.ಪಿ. ಮತ್ತು ಇ.ಎಸ್.ಆರ್.

ಸಿ-ರಿಯಾಕ್ಟಿವ್ ಪ್ರೋಟೀನ್ ಅನ್ನು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಗುರುತಿಸಿದರು. ನ್ಯುಮೋನಿಯಾ ರೋಗಿಗಳ ರಕ್ತದ ಸೀರಮ್ಮಿಗೆ ಆ ರೋಗಾಣುವಿನಿಂದ ಬೇರ್ಪಡಿಸಿದ ‘ಸಿ’ ಎಂಬ ಅಂಶವನ್ನು ಸೇರಿಸಿದಾಗ ಗಸಿ ಕಟ್ಟುತ್ತಿತ್ತು; ರೋಗಿ ಚೇತರಿಸಿಕೊಂಡ ಮೇಲೆ ಕಟ್ಟುತ್ತಿರಲಿಲ್ಲ. ಹೆಸರು ಬಂದುದು ಹೀಗೆ.

ಇ.ಎಸ್.ಆರ್. ಉರಿಯೂತದ ನೆರಳನ್ನು ಅಳೆದರೆ, ಸಿ.ಆರ್.ಪಿ. ಪರೀಕ್ಷೆ ಉರಿಯೂತದಲ್ಲಿ ಹುಟ್ಟುವ ಪ್ರೋಟೀನನ್ನೇ ಅಳೆಯುತ್ತದೆ. ಇಂಟರ್‌ಲ್ಯೂಕಿನ್-6 ಎಂಬ ಸಂಕೇತವಸ್ತು ತಲುಪಿದ ಕೂಡಲೇ ಯಕೃತ್ತು ಇದರ ತಯಾರಿಕೆಗೆ ತೊಡಗುತ್ತದೆ. ಆರು ಗಂಟೆಗಳಲ್ಲಿ ಏರತೊಡಗಿ ಸುಮಾರು ಎರಡು ದಿನಗಳಲ್ಲಿ ಶಿಖರ ಮುಟ್ಟುತ್ತದೆ. ಕಾರಣ ನೀಗಿದೊಡನೆ ಸುಮಾರು 19 ಗಂಟೆಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಇ.ಎಸ್.ಆರ್. ಹಾಗಲ್ಲ, ಏರುವುದೂ ನಿಧಾನ, ಇಳಿಯುವುದೂ ನಿಧಾನ. ಜ್ವರ ಬಿಟ್ಟು ವಾರಗಳು ಕಳೆದರೂ ಅಂಕೆ ಮೇಲೆಯೇ ಇರಬಹುದು. ಚೇತರಿಸಿಕೊಂಡ ರೋಗಿಯ ಸಿ.ಆರ್.ಪಿ. ಸಹಜವಾಗಿದ್ದು ಇ.ಎಸ್.ಆರ್. ಮಾತ್ರ 50 ಎಂದಿದ್ದರೆ, ರೋಗ ಮರುಕಳಿಸಿತೆಂದು ಭಾವಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಶಸ್ತ್ರಚಿಕಿತ್ಸೆಯ ಬಳಿಕ ಸಿ.ಆರ್.ಪಿ. ಎರಡು ಮೂರು ದಿನ ಏರಿ ಆಮೇಲೆ ಇಳಿಯಬೇಕು. ಇಳಿಯುತ್ತಿದ್ದುದು ಮತ್ತೆ ಏರಿದರೆ ಗಾಯದಲ್ಲಿ ಸೋಂಕು ತಗುಲಿರಬಹುದೆಂದು ಎಚ್ಚರ ವಹಿಸುತ್ತಾರೆ.

ಸಿ.ಆರ್.ಪಿ. ವರದಿಯನ್ನು ಓದುವಾಗ ಮಾನವನ್ನು ನೋಡಲೇಬೇಕು. ಕೆಲವು ಪ್ರಯೋಗಾಲಯಗಳು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದೂ, ಇನ್ನು ಕೆಲವು ಡೆಸಿಲೀಟರಿಗೆ ಇಷ್ಟು ಎಂದೂ ಬರೆಯುತ್ತವೆ. ಡೆಸಿಲೀಟರಿಗೆ 1.2 ಎಂಬುದೂ ಲೀಟರಿಗೆ 12 ಎಂಬುದೂ ಒಂದೇ. ಎರಡು ಕಡೆಯ ವರದಿಗಳನ್ನು ಪಕ್ಕಪಕ್ಕ ಇಟ್ಟು, ಹತ್ತು ಪಟ್ಟು ಏರಿತೆಂದು ಹೆದರುವುದಕ್ಕೂ, ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತೆಂದು ನೆಮ್ಮದಿ ಪಡುವುದಕ್ಕೂ ಇದರಿಂದ ಎಡೆಯಾಗುತ್ತದೆ. ಹೃದಯಾಘಾತದ ಸಂಭವವನ್ನು ಅಂದಾಜು ಮಾಡಲು ಬಳಸುವ ಹೈ ಸೆನ್ಸಿಟಿವಿಟಿ ಸಿ.ಆರ್.ಪಿ. ಅದೇ ಪ್ರೋಟೀನಿನ ಸೂಕ್ಷ್ಮ ಅಳತೆ. ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಸಂಭವ ಕಡಿಮೆ, 3ಕ್ಕಿಂತ ಹೆಚ್ಚಿದ್ದರೆ ಅಧಿಕ ಎಂದು ಎಣಿಸುತ್ತಾರೆ. ಜ್ವರವೋ ಸೋಂಕೋ ಇರುವಾಗ ಈ ಪರೀಕ್ಷೆ ಮಾಡಿಸಿದರೆ ಹೃದಯದ ಬಗ್ಗೆ ಏನೂ ತಿಳಿಯುವುದಿಲ್ಲ.

ಎರಡು ಪರೀಕ್ಷೆಗಳು ಬೇರೆ ಬೇರೆ ಮಾತು ಹೇಳುವುದೂ ಕೆಲವೊಮ್ಮೆ ಉಪಯುಕ್ತ. ಲೂಪಸ್ ಎಂಬ ಸ್ವರಕ್ಷಣಾ ವೈಕಲ್ಯದ ಕಾಯಿಲೆ ಉಲ್ಬಣಿಸಿದಾಗ ಇ.ಎಸ್.ಆರ್. ಏರಿದರೂ ಸಿ.ಆರ್.ಪಿ. ಹಲವರಲ್ಲಿ ಅಷ್ಟಾಗಿ ಏರುವುದಿಲ್ಲ. ಲೂಪಸ್ ರೋಗಿಗೆ ಜ್ವರ ಬಂದು ಸಿ.ಆರ್.ಪಿ. ಬಹಳ ಏರಿದ್ದರೆ ಸೋಂಕನ್ನು ಹುಡುಕುತ್ತಾರೆ. ಯಕೃತ್ತು ತೀವ್ರವಾಗಿ ಹದಗೆಟ್ಟವರಲ್ಲಿ ಸೋಂಕಿದ್ದರೂ ಸಿ.ಆರ್.ಪಿ. ತಕ್ಕಷ್ಟು ಏರದು, ಅದನ್ನು ತಯಾರಿಸುವ ಅಂಗವೇ ಸೋತಿರುತ್ತದೆ. ಸಂಧಿವಾತಕ್ಕೆ ಕೊಡುವ ಟೋಸಿಲಿಜುಮ್ಯಾಬ್ ಎಂಬ ಔಷಧಿ ಇಂಟರ್‌ಲ್ಯೂಕಿನ್-6ರ ಕೆಲಸವನ್ನೇ ತಡೆಯುತ್ತದೆ. ಅದನ್ನು ಪಡೆಯುತ್ತಿರುವವರಿಗೆ ನ್ಯುಮೋನಿಯಾ ಬಂದರೂ ಸಿ.ಆರ್.ಪಿ. ಸಹಜವಾಗಿಯೇ ಇರಬಹುದು, ಜ್ವರವೂ ಕಾಣದಿರಬಹುದು. ಇಂತಹ ರೋಗಿಗಳು ಕೆಮ್ಮು, ಉಬ್ಬಸ ಮೊದಲಾದ ತೊಂದರೆಗಳಿಗೆ ಬೇರೊಬ್ಬ ವೈದ್ಯರಲ್ಲಿಗೆ ಹೋದಾಗ ಈ ಔಷಧಿಯ ಹೆಸರನ್ನು ಮೊದಲೇ ತಿಳಿಸಬೇಕಾಗುತ್ತದೆ.